ಪಾಯಿಂಟ್ ಹೊಡೆದವರ ಹೆಸರು ಬಂತು, ಬಾಲ್ ಕೊಟ್ಟವಳದ್ದು?

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಶಾಲಾ ಬಾಲಕಿಯರ ಬಾಸ್ಕೆಟ್‌ಬಾಲ್ ಪಂದ್ಯದ ಸುದ್ದಿ ಬಂದಿತ್ತು. ನಾಲ್ಕೇ ಸಾಲು. ಕಬಡ್ಡಿ, ವಾಲಿಬಾಲ್ ನಡುವೆ ನಮ್ಮ ಆಟಕ್ಕೂ ನಾಲ್ಕು ಸಾಲು ಸಿಕ್ಕಿತಲ್ಲ ಅಂತ ಖುಷಿಯಿಂದಲೇ ಓದಿದೆ. ಗೆದ್ದ ತಂಡದ ಪರ ಒಬ್ಬಳು 18 ಪಾಯಿಂಟ್, ಇನ್ನೊಬ್ಬಳು 11 ಪಾಯಿಂಟ್ ಹೊಡೆದರು ಅಂತ ಬರೆದಿದ್ದಿರಿ. ಲೆಕ್ಕ ಸರಿ ಇದೆ. ಆದರೆ ಆ ಪಂದ್ಯವನ್ನು ನಾನು ಅಂಕಣದ ಪಕ್ಕದ ಕಟ್ಟೆ ಮೇಲೆ ಕೂತು ಪೂರ್ತಿ ನೋಡಿದವನು. ಆ 18ರಲ್ಲಿ 12 ಪಾಯಿಂಟ್ ಬಂದದ್ದು ಏಳನೇ ನಂಬರಿನ ಸಣ್ಣ ಹುಡುಗಿ ಕೊಟ್ಟ ಪಾಸಿನಿಂದ. ಅವಳೇ ಹೊಡೆದದ್ದು ಎರಡೇ ಪಾಯಿಂಟ್. ಹಾಗಾಗಿ ಸುದ್ದಿಯಲ್ಲಿ ಅವಳ ಹೆಸರಿರಲಿಲ್ಲ.

ಅದೂ ಹೋಗಲಿ. ಮುಂದಿನ ಹಂತದ ಆಯ್ಕೆ ಪಟ್ಟಿಯಲ್ಲೂ ಇರಲಿಲ್ಲ. ನನಗೆ ಬೇಜಾರಾದದ್ದು ಅದಕ್ಕೆ.

ನಾನು ಕೋಚ್ ಅಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಕಾರವಾರದಲ್ಲಿ ಇದ್ದೇನೆ. ಕಾಲೇಜಿನಲ್ಲಿದ್ದಾಗ ಪಾಯಿಂಟ್ ಗಾರ್ಡ್ ಆಡುತ್ತಿದ್ದೆ, ಅಷ್ಟೇನೂ ಚೆನ್ನಾಗಿ ಅಲ್ಲ. ಈಗ ಸಂಜೆ ಹೊತ್ತು ಮಕ್ಕಳ ಆಟ ನೋಡ್ತಾ ಕೂರುತ್ತೇನೆ, ಕರೆದರೆ ಸೀಟಿ ಊದುತ್ತೇನೆ. ಆಯ್ಕೆಯ ದಿನವೂ ಹೋಗಿದ್ದೆ. ಮೊದಲು ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ಆಮೇಲೆ ಕೋನ್ ಇಟ್ಟು ಡ್ರಿಬಲ್, ಅಂದರೆ ಬಾಲ್ ಪುಟಿಸುತ್ತಾ ಓಡುವುದು, ಮಾಡಿಸಿದರು, ಯಾರು ಬೇಗ ಬರ್ತಾರೆ ಅಂತ. ಆಮೇಲೆ ತಲಾ ಹತ್ತು ಶಾಟ್. ಐದೈದು ಜನರ ಆಟ ಆಡಿಸಿದ್ದು ಹತ್ತು ನಿಮಿಷ ಇರಬಹುದು, ಅಷ್ಟರಲ್ಲಿ ಊಟದ ಹೊತ್ತಾಯಿತು. ಏಳನೇ ನಂಬರಿನವಳ ಬಗ್ಗೆ ಕೇಳಿದಾಗ ಆಯ್ಕೆಗೆ ಕೂತವರೊಬ್ಬರು, "ಚುರುಕಿದ್ದಾಳೆ ಸರ್, ಆದ್ರೆ ಹೈಟ್ ಇಲ್ಲ, ಸ್ಕೋರೂ ಮಾಡಲ್ಲ" ಅಂದರು. ಕೆಟ್ಟ ಮನುಷ್ಯ ಅಲ್ಲ ಅವರು. ಅವರ ಕೈಯಲ್ಲಿದ್ದ ಹಾಳೆಯಲ್ಲಿ ಇದ್ದದ್ದೇ ಆ ಎರಡು ಕಾಲಂ.

ಪಾಯಿಂಟ್ ಗಾರ್ಡ್ ಅಂದರೆ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಐದು ಜನರಲ್ಲಿ ಬಾಲನ್ನು ನಮ್ಮ ತುದಿಯಿಂದ ಎದುರಿನವರ ತುದಿಗೆ ತರುವವರು, ಯಾರಿಗೆ ಯಾವಾಗ ಕೊಡಬೇಕು ಅಂತ ತೀರ್ಮಾನಿಸುವವರು. ಅಂಕಣ 28 ಮೀಟರ್ ಉದ್ದ. ಬಾಲ್ ಕೈಗೆ ಬಂದ ಮೇಲೆ 8 ಸೆಕೆಂಡಿನೊಳಗೆ ಅರ್ಧ ದಾಟಬೇಕು, 24 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು. ದಾಟಿದ ಮೇಲೆ ಹಿಂದಕ್ಕೆ ಬರುವ ಹಾಗಿಲ್ಲ. ಕೇಳೋಕೆ ಸುಲಭ. ಎದುರಿನವರು ಇಬ್ಬರು ಮೈಮೇಲೆ ಬಿದ್ದಾಗ ನೋಡಬೇಕು.

ಆ ಪಂದ್ಯದಲ್ಲಿ ಎರಡನೇ ಕ್ವಾರ್ಟರ್‌ನಲ್ಲಿ ಹಾಗೇ ಆಯಿತು. ಎದುರಿನ ತಂಡ ಪೂರ್ತಿ ಅಂಕಣಕ್ಕೆ ಪ್ರೆಸ್ ಹಾಕಿತು, ಅಂದರೆ ನಮ್ಮ ತುದಿಯಿಂದಲೇ ಮೈಮೇಲೆ ಬಿದ್ದು ತಡೆಯತೊಡಗಿತು. ಅರ್ಧದ ಗೆರೆ ಮತ್ತು ಸೈಡ್ ಲೈನ್ ಸೇರುವ ಮೂಲೆ ಇದೆಯಲ್ಲ, ಗೆರೆ ದಾಟಿದ ಕೂಡಲೇ ಸಿಗುವ ಮೂಲೆ, ಅಲ್ಲಿ ಹೊಕ್ಕವರು ಬಲೆಗೆ ಬಿದ್ದ ಬಂಗಡೆಯ ಹಾಗೆ. ಹಿಂದೆ ಗೆರೆ, ಪಕ್ಕದಲ್ಲಿ ಗೆರೆ, ಮುಂದೆ ಇಬ್ಬರು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಅಲ್ಲಿ ಬಾಲ್ ಹಿಡಿದು ತಲೆ ಮೇಲೆ ಎತ್ತಿ ನಿಂತುಬಿಡುತ್ತಾರೆ, ಆಮೇಲೆ ಕಣ್ಣು ಮುಚ್ಚಿ ಎಸೆಯುತ್ತಾರೆ. ಈ ಹುಡುಗಿ ಗೆರೆಗೆ ಒಂದು ಹೆಜ್ಜೆ ಮೊದಲೇ ನಿಂತಳು. ಇಬ್ಬರೂ ತನ್ನ ಕಡೆ ಬರಲಿ ಅಂತ ಬಿಟ್ಟಳು. ಡ್ರಿಬಲ್ ನಿಲ್ಲಿಸದೆ ಎರಡು ಹೆಜ್ಜೆ ಹಿಂದೆ ಸರಿದಳು, ಅವರೂ ಹಿಂಬಾಲಿಸಿದರು, ಮಧ್ಯ ಖಾಲಿಯಾಯಿತು. ಅಲ್ಲಿಗೆ ಓಡಿ ಬಂದ ತನ್ನ ತಂಡದವಳಿಗೆ ಒಂದು ಪಾಸ್. ಮುಗೀತು, ಮುಂದೆ ಇವಳ ತಂಡದ ಮೂವರಿಗೆ ಎದುರಿನವರು ಇಬ್ಬರೇ. ನಾನು ಕಂಡದ್ದು ಇನ್ನೊಂದು: ಹಿಂದೆ ಸರಿಯುವಾಗ ಅವಳ ತುಟಿ ಅಲುಗುತ್ತಿತ್ತು. ಪಂದ್ಯ ಮುಗಿದ ಮೇಲೆ ಕೇಳಿದೆ, "ಏನ್ ಹೇಳ್ತಾ ಇದ್ದೆ ಮಗಾ?" "ಎಣಿಸ್ತಾ ಇದ್ದೆ ಸರ್. ಐದಾಗಿತ್ತು."

ಇನ್ನೂ ಮೂರು ಸೆಕೆಂಡ್ ಇದೆ ಅಂತ ಗೊತ್ತಿದ್ದ ಕಾರಣಕ್ಕೇ ಅವಳಿಗೆ ಗಾಬರಿ ಆಗಲಿಲ್ಲ. ಇದನ್ನು ಕೋನ್ ಸುತ್ತ ಓಡಿಸಿ ಹೇಗೆ ಅಳೆಯುತ್ತೀರಿ? ಕೋನ್ ಬಂದು ಬಾಲ್ ಕಿತ್ತುಕೊಳ್ಳುತ್ತಾ?

ಎತ್ತರದ ಮಾತಿಗೆ ಬರುತ್ತೇನೆ. ರಿಂಗ್ 3.05 ಮೀಟರ್ ಮೇಲಿದೆ, ಎತ್ತರ ಬೇಡ ಅನ್ನೋಕೆ ನಾನೇನು ಹುಚ್ಚನಲ್ಲ. ಆದರೆ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಮಗ್ಸಿ ಬೋಗ್ಸ್ ಅನ್ನುವವನು 160 ಸೆಂಟಿಮೀಟರ್ ಇದ್ದುಕೊಂಡು 14 ಸೀಸನ್ ಆಡಿದ. ನಮ್ಮ ಮೀನು ಮಾರ್ಕೆಟ್‌ನಲ್ಲಿ ನಿಂತರೆ ಜನರ ಮಧ್ಯೆ ಕಾಣಿಸುತ್ತಿರಲಿಲ್ಲ. ಜಾನ್ ಸ್ಟಾಕ್ಟನ್ ಆರಡಿ ಒಂದಿಂಚು, ಅಲ್ಲಿನ ಲೆಕ್ಕದಲ್ಲಿ ಸಣ್ಣವನೇ. ಒಂದೇ ತಂಡಕ್ಕೆ 19 ಸೀಸನ್ ಆಡಿ 15,806 ಅಸಿಸ್ಟ್ (ಪಾಯಿಂಟ್ ತಂದ ಪಾಸು) ಕೊಟ್ಟ, 3,265 ಸಲ ಎದುರಿನವರಿಂದ ಬಾಲ್ ಕಿತ್ತುಕೊಂಡ. ಎರಡೂ ದಾಖಲೆ ಇವತ್ತಿಗೂ ಅವನ ಹೆಸರಲ್ಲೇ ಇವೆ. ಇನ್ನೊಂದು ಕಡೆ ಮ್ಯಾಜಿಕ್ ಜಾನ್ಸನ್ ಆರಡಿ ಒಂಬತ್ತಿಂಚು, ಅವನೂ ಪಾಯಿಂಟ್ ಗಾರ್ಡ್. ಈಗಂತೂ 2.11 ಮೀಟರ್ ಎತ್ತರದ ಯೋಕಿಚ್ ಹೆಸರಿಗೆ ಸೆಂಟರ್, ರಿಂಗ್ ಹತ್ತಿರ ಆಡುವವನು, ಆದರೆ ಡೆನ್ವರ್ ತಂಡದ ಆಟ ನಡೆಯುವುದೇ ಅವನ ಪಾಸಿನ ಮೇಲೆ, 2023ರಲ್ಲಿ ಕಪ್ಪೂ ಗೆದ್ದರು. ಅಂದರೆ ಸಣ್ಣವರನ್ನೇ ತಗೊಳ್ಳಿ ಅಂತಲೂ ನಾನು ಹೇಳುತ್ತಿಲ್ಲ. ಕಣ್ಣು ಯಾರಿಗಿದೆ ಅಂತ ನೋಡಿ. ಉದ್ದದ ಹುಡುಗನನ್ನು ಕಂಡ ತಕ್ಷಣ ರಿಂಗ್ ಕೆಳಗೆ ನಿಲ್ಲಿಸಿಬಿಡುತ್ತೇವಲ್ಲ, ಅವನಿಗೂ ಆ ಕಣ್ಣು ಇರಬಹುದು, ನಾವು ಬಾಲೇ ಕೊಡುವುದಿಲ್ಲ.

ಕಣ್ಣು ಅಂದೆ. ಅದನ್ನು ನೋಡುವುದು ಕಷ್ಟವೇನಲ್ಲ. ಡ್ರಿಬಲ್ ಮಾಡುತ್ತಾ ಬರುವಾಗ ನೀವು ರಿಂಗ್ ಕೆಳಗೆ ನಿಂತು ಬೆರಳು ತೋರಿಸಿ, ಎಷ್ಟು ಅಂತ ಕೂಗಿ ಹೇಳಲಿ. ನೆಲ ನೋಡುವ ಮಗು ಹೇಳುವುದಿಲ್ಲ. ಆಟದ ಮಧ್ಯೆ ಸೀಟಿ ಊದಿ ಕೇಳಿ: ಸ್ಕೋರ್ ಎಷ್ಟು? ಎದುರಿನವರ ಟೀಮ್ ಫೌಲ್ ಎಷ್ಟಾಯಿತು? ಒಂದು ಕ್ವಾರ್ಟರ್‌ನಲ್ಲಿ ಅವರದು ನಾಲ್ಕಾಗಿದ್ದರೆ ಮುಂದಿನ ಫೌಲಿಗೆ ನಮಗೆ ಎರಡು ಫ್ರೀ ಥ್ರೋ, ಯಾರೂ ಅಡ್ಡ ಬಾರದ ಶಾಟ್. ಅದು ಗೊತ್ತಿದ್ದವಳು ಸುಮ್ನೆ ದೂರದಿಂದ ಶಾಟ್ ಹೊಡೆಯುವುದಿಲ್ಲ, ಒಳಗೆ ನುಗ್ಗುತ್ತಾಳೆ, ಇಲ್ಲಾ ನುಗ್ಗುವವರಿಗೆ ಕೊಡುತ್ತಾಳೆ. ಎದುರಿನ ಎತ್ತರದ ಹುಡುಗಿಗೆ ನಾಲ್ಕು ಫೌಲ್ ಆಗಿದ್ದರೆ ಐದನೆಯದಕ್ಕೆ ಅವಳು ಹೊರಗೆ. ಹಾಗಿದ್ದರೆ ಬಾಲ್ ಎಲ್ಲಿಗೆ ಹೋಗಬೇಕು ಹೇಳಿ?

ಪಾಸಿನ ವಿಷಯದಲ್ಲಿ ಒಂದು ಮಾತು. ಖಾಲಿ ನಿಂತವರಿಗೆ ಯಾರೂ ಕೊಡಬಹುದು. ಒಂದು ಕ್ಷಣದ ನಂತರ ಖಾಲಿಯಾಗುವವರಿಗೆ ಈಗಲೇ ಕೊಡುವುದು ಬೇರೆ. ಆ 12 ಪಾಯಿಂಟಿಗೆ ಏಳನೇ ನಂಬರಿನವಳು ಕೊಟ್ಟ ಆರು ಪಾಸಿನಲ್ಲಿ ನಾಲ್ಕು ಹಾಗಿದ್ದವು. ಸ್ಕ್ರೀನ್ ಕೊಟ್ಟು (ಎದುರಿನವಳ ದಾರಿಗೆ ಅಡ್ಡ ನಿಂತು) ತಿರುಗುತ್ತಿದ್ದ ಹುಡುಗಿಯ ಮುಂದೆ, ಅವಳು ಇನ್ನೂ ಕೈ ಚಾಚುವ ಮೊದಲೇ, ಬಾಲ್ ಒಂದು ಸಲ ನೆಲಕ್ಕೆ ಬಡಿದು ಬಲಗೈಗೇ ಹೋಯಿತು. ಎಡಗೈಗೆ ಹೋಗಿದ್ದರೆ ಅವಳು ಬಾಲನ್ನು ಬಲಕ್ಕೆ ತರುವಷ್ಟರಲ್ಲಿ ಡಿಫೆನ್ಸ್ ಬಂದುಬಿಡುತ್ತಿತ್ತು. 18 ಪಾಯಿಂಟಿನ ಸುದ್ದಿಯ ಹಿಂದೆ ಇದ್ದದ್ದು ಇಷ್ಟು ಸಣ್ಣ ಸಂಗತಿ.

ಮತ್ತೆ ಬಾಯಿ. ನಮ್ಮ ಜಿಲ್ಲೆಯಲ್ಲಿ ಇದು ಬೇರೆ ಕಡೆಗಿಂತ ಜಾಸ್ತಿ ಬೇಕು. ಜಿಲ್ಲಾ ತಂಡ ಅಂತ ಮಾಡಿದರೆ ಕಾರವಾರದ ಕೊಂಕಣಿ ಮಾತಾಡುವ ಮಕ್ಕಳು, ಶಿರಸಿ ಕಡೆಯ ಹವ್ಯಕ ಕನ್ನಡದವರು, ಭಟ್ಕಳದ ನವಾಯತಿ ಮಾತಿನವರು, ಮುಂಡಗೋಡದ ಟಿಬೆಟನ್ ಕ್ಯಾಂಪಿನವರು, ಎಲ್ಲ ಒಟ್ಟಿಗೆ. ಗಡಿಬಿಡಿ ಆದಾಗ ಪ್ರತಿಯೊಬ್ಬರಿಗೂ ತಮ್ಮ ಮನೆಮಾತೇ ಬಾಯಿಗೆ ಬರೋದು. ಅಂಕೋಲಾ ಕಡೆಯ ಈ ಹುಡುಗಿ ಒಬ್ಬಳಿಗೆ ಕೊಂಕಣಿಯಲ್ಲಿ ಕೂಗಿ, ಅದೇ ಉಸಿರಿಗೆ ಇನ್ನೊಬ್ಬಳಿಗೆ ಕನ್ನಡದಲ್ಲಿ ಹೇಳಿ, ಮೂರನೆಯವಳಿಗೆ ಬರೀ ಕೈ ತೋರಿಸಿ ಎಲ್ಲರನ್ನೂ ಜಾಗಕ್ಕೆ ನಿಲ್ಲಿಸುತ್ತಿದ್ದಳು. ಬೋಟಿನಲ್ಲಿ ತಾಂಡೇಲ ಇರುತ್ತಾನಲ್ಲ, ಹಾಗೆ. ಬಲೆ ಎಳೆಯುವವರು ಬೇರೆ, ಯಾವಾಗ ಎಳೀಬೇಕು ಅನ್ನುವವನು ಅವನು.

ತಪ್ಪು ಮಾಡಿದ ಮೇಲಿನ ಮೂರು ಸೆಕೆಂಡ್ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಮೂರನೇ ಕ್ವಾರ್ಟರ್‌ನಲ್ಲಿ ಅವಳ ಒಂದು ಪಾಸ್ ಸೀದಾ ಹೊರಗೆ ಹೋಯಿತು. ನಿಜ ಹೇಳಬೇಕಂದ್ರೆ ತಪ್ಪು ಅವಳದಲ್ಲ, ರಿಂಗ್ ಹತ್ತಿರ ನಿಲ್ಲುವ ಪೋಸ್ಟ್ ಹುಡುಗಿ ಬೇರೆ ಕಡೆ ತಿರುಗಿದ್ದಳು. ಏಳನೇ ನಂಬರಿನವಳು ಅವಳನ್ನು ದುರುಗುಟ್ಟಿ ನೋಡಲಿಲ್ಲ, ರೆಫರಿ ಕಡೆ ಕೈ ಚಾಚಲಿಲ್ಲ. ತನ್ನ ಎದೆ ತಟ್ಟಿಕೊಂಡು, ನನ್ನದೇ ಅನ್ನುವ ಹಾಗೆ, ಹಿಂದಕ್ಕೆ ಓಡಿ ಡಿಫೆನ್ಸಿಗೆ ನಿಂತಳು. ಮುಂದಿನ ಸಲ ಮತ್ತೆ ಅದೇ ಪೋಸ್ಟಿಗೇ ಕೊಟ್ಟಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ. ಕಾಲೇಜಿನಲ್ಲಿ ನನ್ನ ದೊಡ್ಡ ದೋಷವೇ ಅದಾಗಿತ್ತು, ಒಂದು ಸಲ ಬಾಲ್ ಬಿಟ್ಟವನಿಗೆ ಆ ಪಂದ್ಯ ಮುಗಿಯುವವರೆಗೆ ಪಾಸಿಲ್ಲ.

ಡಿಫೆನ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮವರು ಶಾಟ್ ಹೊಡೆದಾಗ ಎಲ್ಲರೂ ರಿಬೌಂಡಿಗೆ, ಅಂದರೆ ತಪ್ಪಿ ಪುಟಿದ ಬಾಲಿಗೆ, ನುಗ್ಗಿದರೆ ಎದುರಿನವರು ಬಾಲ್ ಹಿಡಿದು ಥಟ್ಟನೆ ಓಡುವ ಫಾಸ್ಟ್ ಬ್ರೇಕ್ ತಡೆಯುವವರಿಲ್ಲ. ಆಗ ಒಬ್ಬಳು ಹಿಂದೆ ಸರಿಯಬೇಕು. ಸಾಮಾನ್ಯವಾಗಿ ಅದು ಪಾಯಿಂಟ್ ಗಾರ್ಡ್ ಕೆಲಸ. ಅದಕ್ಕೂ ಎಲ್ಲೂ ಅಂಕ ಇಲ್ಲ.

ಹಾಗಂತ ಆಯ್ಕೆಗಾರರ ದೂರು ಪೂರ್ತಿ ಸುಳ್ಳಲ್ಲ. ಅವಳ ದೂರದ ಶಾಟ್ ಸುಮಾರು. ಅದು ಗೊತ್ತಾದರೆ ಒಳ್ಳೆಯ ತಂಡದವರು ಅವಳನ್ನು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಪೋಸ್ಟ್ ಮುಂದೆ ನಿಲ್ಲುತ್ತಾರೆ, ಪಾಸಿನ ದಾರಿಯೇ ಬಂದ್. ಆಟದ ಕೊನೆಗೆ ಬೇಕಂತಲೇ ಫೌಲ್ ಮಾಡಿ ಫ್ರೀ ಥ್ರೋಗೆ ಕಳಿಸುತ್ತಾರೆ. ಹಾಗಾಗಿ ಶಾಟ್ ಬೇಕು. ಸ್ಟೀವ್ ನ್ಯಾಶ್ 2005 ಮತ್ತು 2006ರಲ್ಲಿ ಎನ್‌ಬಿಎಯ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡದ್ದು ಬರೀ ಪಾಸಿನಿಂದಲ್ಲ, ಅವನನ್ನು ಖಾಲಿ ಬಿಟ್ಟರೆ ಬಾಲ್ ರಿಂಗಿನೊಳಗೆ. ಅಲ್ಲಿನವನೇ ಸ್ಟೀಫನ್ ಕರ್ರಿ 2015–16ರ ಒಂದೇ ಸೀಸನ್‌ನಲ್ಲಿ 402 ತ್ರೀ ಪಾಯಿಂಟರ್ (ದೂರದಿಂದ ಹೊಡೆಯುವ ಮೂರು ಪಾಯಿಂಟಿನ ಶಾಟ್) ಹಾಕಿದ ಮೇಲೆ ನಮ್ಮ ಮಕ್ಕಳೆಲ್ಲ ಅರ್ಧ ಅಂಕಣದಿಂದ ಹೊಡೆಯಲು ಶುರು ಮಾಡಿದ್ದಾರೆ. ಅವನು ಬಾಲ್ ಇಲ್ಲದಾಗ ಎಷ್ಟು ಓಡುತ್ತಾನೆ ಅನ್ನುವುದು ಮೊಬೈಲ್‌ನ ರೀಲ್ಸಿನಲ್ಲಿ ಬರೋದಿಲ್ಲ, ಅಲ್ವಾ? ಆದರೆ ಶಾಟ್ ಕಲಿಸಬಹುದು. ಎರಡು ಬೇಸಿಗೆ ರಜೆ, ದಿನಕ್ಕೆ ಇನ್ನೂರು ಶಾಟ್, ಮೊಣಕೈ ಸರಿ ಮಾಡುವವರು ಒಬ್ಬರು ಸಾಕು. ಎಣಿಸುತ್ತಾ ಹಿಂದೆ ಸರಿಯುವ ಆ ಬುದ್ಧಿಯನ್ನು ಹನ್ನೆರಡು ಹದಿಮೂರರ ಮೇಲೆ ಕಲಿಸಿದ್ದನ್ನು ನಾನಂತೂ ನೋಡಿಲ್ಲ.

ನಮ್ಮ ಊರಿಗೆ ಇನ್ನೊಂದು ಲೆಕ್ಕವೂ ಇದೆ. ನಮ್ಮ ಶಾಲೆಗಳ ಅಂಕಣ ಹೆಚ್ಚಿನವು ತೆರೆದ ಸಿಮೆಂಟಿನವು. ಶಾಲಾ ಪಂದ್ಯಗಳು ಬರೋದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಮಳೆ ಇನ್ನೂ ಬಿಟ್ಟಿರುವುದಿಲ್ಲ. ಬೆಳಿಗ್ಗೆ ಬ್ಲೀಚಿಂಗ್ ಪೌಡರ್ ಹಾಕಿ ಹಿಡಿಕಡ್ಡಿಯಲ್ಲಿ ಪಾಚಿ ತಿಕ್ಕಿದ ಮೇಲೆ ಆಟ ಶುರು. ಒದ್ದೆ ಬಾಲ್ ಪುಟಿಯುವುದೇ ಇಲ್ಲ, ಕಾಲು ಜಾರುತ್ತದೆ. ಅಂಥ ಕಡೆ ನಾಲ್ಕು ಜನರನ್ನು ಡ್ರಿಬಲ್‌ನಲ್ಲಿ ದಾಟುವ ಹೀರೋ ಎರಡನೇ ತಿರುವಿನಲ್ಲಿ ಅಂಗಾತ ಬಿದ್ದಿರುತ್ತಾನೆ. ಬೇಗ ಪಾಸ್ ಕೊಟ್ಟು ಬಾಲನ್ನು ಓಡಿಸುವವರೇ ಗೆಲ್ಲಿಸೋದು.

ಪಾಯಿಂಟ್ ಗಾರ್ಡ್ ಕೆಲಸ ಕಾಣಿಸದಿರುವುದಕ್ಕೆ ಕಾರಣ ಇದೆ. ಪಂದ್ಯದ ಟೇಬಲ್ ಮೇಲಿನ ಸ್ಕೋರ್ ಶೀಟ್ ನೋಡಿ. ಅದರಲ್ಲಿ ಪಾಯಿಂಟ್, ಫೌಲ್, ಟೈಮ್ ಔಟ್ ಬರೆಯಲು ಜಾಗವಿದೆ. ಪಾಸ್ ಬರೆಯಲು ಇಲ್ಲ. ನಿಮ್ಮ ವರದಿಗಾರರು ಆ ಹಾಳೆ ನೋಡಿ ಬರೀತಾರೆ, ಆಯ್ಕೆಯವರು ಅದೇ ಹಾಳೆ ಮತ್ತು ನಿಮ್ಮ ಸುದ್ದಿ ನೋಡಿ ಹೆಸರು ಬರ್ಕೊಳ್ತಾರೆ. ನಮ್ಮ ಯಕ್ಷಗಾನದ ಕರಪತ್ರ ತೆಗೆದು ನೋಡಿ, ಎಂಥ ದೊಡ್ಡ ವೇಷಧಾರಿ ಬರುವುದಿದ್ದರೂ ಮೊದಲು ಹಿಮ್ಮೇಳ, ಅದರಲ್ಲೂ ಭಾಗವತರ ಹೆಸರು. ಆಟ ಯಾರು ಆಡಿಸುತ್ತಾರೆ ಅನ್ನುವುದು ನಮ್ಮ ಜನಕ್ಕೆ ಗೊತ್ತಿಲ್ಲದ ಸಂಗತಿ ಏನಲ್ಲ.

ಆಯ್ಕೆ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟು. ಕೋನ್ ಕಡಿಮೆ ಮಾಡಿ, ಐದೈದು ಜನರ ಆಟವನ್ನು ಅರ್ಧ ಗಂಟೆಯಾದರೂ ಆಡಿಸಿ, ತಂಡ ಬದಲಿಸಿ ಬದಲಿಸಿ ಆಡಿಸಿ. ಯಾರು ಬಂದಾಗ ಉಳಿದ ನಾಲ್ವರ ಆಟ ಚೆನ್ನಾಗಾಗುತ್ತದೆ ನೋಡಿ. ಒಬ್ಬರು ಪಕ್ಕದಲ್ಲಿ ಕೂತು ಒಳ್ಳೆಯ ಶಾಟ್ ಸಿಗುವ ಹಾಗೆ ಕೊಟ್ಟ ಪಾಸೆಷ್ಟು, ಕಳೆದುಕೊಂಡ ಬಾಲೆಷ್ಟು ಅಂತ ಗೀಟು ಹಾಕಲಿ. ಶಾಟ್ ಒಳಗೆ ಹೋಗದಿದ್ದರೂ ಪಾಸನ್ನು ಲೆಕ್ಕಕ್ಕೆ ಹಿಡಿಯಿರಿ, ಹೊಡೆಯುವವಳು ತಪ್ಪಿದರೆ ಕೊಟ್ಟವಳದ್ದೇನು ತಪ್ಪು?

ನಿಮ್ಮಲ್ಲಿ ಕೇಳುವುದು ಅದಕ್ಕಿಂತ ಸಣ್ಣದು. ಮುಂದಿನ ಸಲ ನಾಲ್ಕು ಸಾಲಿನಲ್ಲಿ ಅರ್ಧ ಸಾಲು ಪಾಸ್ ಕೊಟ್ಟವರಿಗೆ ಬಿಡಿ. ಲೆಕ್ಕ ಎಲ್ಲಿಂದ ತರೋದು ಅಂತ ಕೇಳಬೇಡಿ. ಕಟ್ಟೆ ಮೇಲೆ ಕೂರುವ ನಾವು ಮೂವರು ಮುದುಕರು ಒಂದು ನೋಟ್‌ಬುಕ್ ಇಟ್ಟಿದ್ದೇವೆ, ಪ್ರತಿ ಪಂದ್ಯಕ್ಕೂ ಒಂದು ಪುಟ, ಏಳನೇ ನಂಬರಿನವಳ ಆರು ಪಾಸೂ ಅದರಲ್ಲಿದೆ, ಯಾವ ಕ್ವಾರ್ಟರ್ ಅಂತ ಸಮೇತ. ವರದಿಗಾರರು ಬಂದರೆ ಕೊಡುತ್ತೇವೆ. ಮಳೆಗೆ ಸ್ವಲ್ಪ ನೆನೆದಿದೆ, ಓದೋಕೆ ತೊಂದರೆ ಇಲ್ಲ.

– ನಿಮ್ಮ ಓದುಗ, ಕಾರವಾರ