ರೋಗಿ ನೋಡದೆ ಚೀಟಿ ಬರೆದ ಹಾಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಓದಲೇಬೇಕಾದ ಕನ್ನಡ ಕಾದಂಬರಿಗಳು ಅಂತ ಒಂದು ದೊಡ್ಡ ಪಟ್ಟಿ ಹಾಕಿದ್ರಿ. ಪಟ್ಟಿ ಚೆನ್ನಾಗೇ ಇತ್ತು, ಅದರಲ್ಲಿ ಮುಕ್ಕಾಲು ಪಾಲು ನಾನೂ ಓದಿದೀನಿ, ತಕರಾರು ಅದರ ಬಗ್ಗೆ ಅಲ್ಲ. ನಾನು ಒಂದು ಚಿಕ್ಕ ತಾಲೂಕು ಊರಲ್ಲಿ ಮೆಡಿಕಲ್ ಶಾಪ್ ಇಟ್ಕೊಂಡಿರೋನು, ನನ್ನ ಕಸುಬಿನ ಭಾಷೆಯಲ್ಲೇ ಹೇಳ್ಬೇಕು ಅಂದ್ರೆ ಈ ಪಟ್ಟಿಗಳು ರೋಗಿ ಮುಖ ನೋಡದೆ ಚೀಟಿ ಬರೆದ ಹಾಗೆ. ಔಷಧಿ ಒಳ್ಳೇದೇ, ಆದ್ರೆ ಯಾರಿಗೆ?

ಇದನ್ನ ನಾನು ಕಲಿತಿದ್ದು ಒಬ್ಬ ಹುಡುಗನ ಓದನ್ನ ಕೆಡಿಸಿ. ನಮ್ಮ ಅಂಗಡಿಗೆ ಕೆಲಸಕ್ಕೆ ಅಂತ ಬಂದಿದ್ದ, ಪಿಯುಸಿ ಮುಗ್ಸಿದ್ದ, ಮಧ್ಯಾಹ್ನ ಗಿರಾಕಿ ಇಲ್ದಾಗ ನಾನು ಓದ್ತಾ ಕೂತಿರೋದು ನೋಡಿ ನೋಡಿ ಒಂದಿನ ಅಣ್ಣ ನಂಗೂ ಒಂದು ಕೊಡಿ ಅಂದ. ನಂಗೆ ಖುಷಿ ಆಗೋಯ್ತು. ಖುಷೀಲಿ ಏನ್ ಮಾಡಿದೆ ಅಂದ್ರೆ, ಕೊಟ್ರೆ ದೊಡ್ಡದೇ ಕೊಡ್ಬೇಕು ಅಂತ, ಮಹಾಭಾರತದ ಕತೆಯನ್ನೇ ಕಾದಂಬರಿ ಮಾಡಿರೋ ಭೈರಪ್ಪನವರ ಪರ್ವ ಕೊಟ್ಟೆ. ಎರಡು ತಿಂಗಳು ಬಿಟ್ಟು ವಾಪಸ್ ತಂದಿಟ್ಟ, ಸುಮಾರು ನಲವತ್ತನೇ ಪುಟದಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿಸಿತ್ತು, ಪಾಪ ಮದ್ರದೇಶದ ಶಲ್ಯನ ಮನೆಯಿಂದ ಆಚೆ ಬರೋಕೇ ಆಗಿರ್ಲಿಲ್ಲ ಅವನಿಗೆ. ‘ನಂಗೆ ಓದೋದೆಲ್ಲ ಆಗಲ್ಲ ಬಿಡಿ ಅಣ್ಣ’ ಅಂದ. ಪುಸ್ತಕ ಕಷ್ಟ ಆಯ್ತು ಅನ್ನಲಿಲ್ಲ ನೋಡಿ, ನಂಗೇ ಆಗಲ್ಲ ಅಂದ. ತಪ್ಪು ನಂದು, ಅವಮಾನ ಅವನಿಗೆ.

ಆರು ತಿಂಗಳು ನಾನು ಆ ಮಾತೇ ಎತ್ತಲಿಲ್ಲ. ಆಮೇಲೆ ಒಂದಿನ ಅವನು ಮೊಬೈಲಲ್ಲಿ ಹಾವು ಹಿಡಿಯೋರ ವೀಡಿಯೋ ನೋಡ್ತಾ ಇದ್ದಾಗ, ಕೌಂಟರ್ ಕೆಳಗಿಂದ ತೇಜಸ್ವಿಯವರ ಕರ್ವಾಲೊ ತೆಗೆದು ಓದು ಅಂತ ಏನೂ ಹೇಳದೆ ಪಕ್ಕದಲ್ಲಿಟ್ಟೆ. ತೆಳ್ಳಗಿತ್ತು, ಹೆದರಲಿಲ್ಲ. ಜೇನು ಸೊಸೈಟಿಯಲ್ಲಿ ಶುರುವಾಗೋ ಕತೆ, ಮಂದಣ್ಣ ಬಂದ, ಕಿವಿ ಅನ್ನೋ ನಾಯಿ ಬಂತು, ಎಂಗ್ಟ ಬಂದ, ಇವನು ಅಂಗಡೀಲಿ ಒಬ್ಬನೇ ನಗ್ತಾ ಕೂತ್ಕೊಂಡಿದ್ದ, ಸಕ್ಕರೆ ಕಾಯಿಲೆ ಮಾತ್ರೆ ಕೇಳೋಕೆ ಬಂದ ಗಿರಾಕಿ ಬಾಗಿಲಲ್ಲೇ ನಿಂತು ಇವನಿಗೇನಾಯ್ತು ಅಂತ ನೋಡ್ತಿದ್ರು. ಎರಡೇ ದಿನಕ್ಕೆ ಮುಗ್ಸಿ ಕೇಳಿದ ಮೊದಲ ಪ್ರಶ್ನೆ, ‘ಅಣ್ಣ, ಹಾರೋ ಓತಿ ನಿಜವಾಗ್ಲೂ ಇದ್ಯಾ ಅಥವಾ ಇವರು ಬಿಟ್ಟಿದ್ದಾ?’ ಇದೆ ಮಾರಾಯ, ಮಲೆನಾಡಿನ ಅಡಿಕೆ ತೋಟಗಳಲ್ಲೇ ಇದೆ ಅಂದೆ. ನಂಬಲಿಲ್ಲ. ಸಕಲೇಶಪುರದ ಕಡೆ ಅವನ ಚಿಕ್ಕಮ್ಮನ ಮನೆ ಇದೆ, ದೀಪಾವಳಿಗೆ ಹೋದೋನು ಅಲ್ಲಿಂದ ಒಂದು ವೀಡಿಯೋ ಕಳಿಸಿದ. ಅಡಿಕೆ ಮರದ ಬೊಡ್ಡೆ ಬಿಟ್ರೆ ಮೊದಲು ಏನೂ ಕಾಣಲ್ಲ, ಆಮೇಲೆ ಆ ಬೊಡ್ಡೆ ಬಣ್ಣದ್ದೇ ಒಂದು ಪ್ರಾಣಿ ಗಂಟಲ ಕೆಳಗಿನ ಹಳದಿ ಚೀಲ ಬಿಚ್ಚಿ ಮುಚ್ಚಿ ಬಿಚ್ಚಿ ಮುಚ್ಚಿ ಮಾಡೋದು ಕಾಣುತ್ತೆ, ಹಿಂದುಗಡೆ ಇವನ ಧ್ವನಿ, ಅಣ್ಣಾ ಅಣ್ಣಾ ಅಂತ, ಪಿಸುಗುಟ್ಟೋಕೂ ಆಗ್ದೆ ಕೂಗೋಕೂ ಆಗ್ದೆ. ಕರ್ವಾಲೊ ಬಂದಿದ್ದು 1980ರಲ್ಲಿ, ಈ ಹುಡುಗ ಹುಟ್ಟೋಕೆ ಇಪ್ಪತ್ತು ವರ್ಷಕ್ಕೂ ಮುಂಚೆ. ಊರಿಂದ ಬಂದೋನು ಚಿದಂಬರ ರಹಸ್ಯ ತಗೊಂಡ. ಪರ್ವ? ಹೋದ ವರ್ಷ ಅವನೇ ಕೇಳಿ ಇಸ್ಕೊಂಡು ಓದಿ ಮುಗ್ಸಿದ, ಅದರ ಬಗ್ಗೆ ನನ್ನ ಜೊತೆ ಜಗಳಾನೂ ಆಡಿದ.

ನಾವೊಂದು ಆರು ಜನ ಇದೀವಿ ಸಾರ್, ಸಂಘ ಅಲ್ಲ, ಹೆಸರಿಲ್ಲ, ಮೀಟಿಂಗ್ ಇಲ್ಲ. ಒಬ್ಬ ವೈರಿಂಗ್ ಮಾಡೋನು, ಒಬ್ಬ ಬಸ್ ಕಂಡಕ್ಟರ್, ಬ್ಯೂಟಿ ಪಾರ್ಲರ್ ನಡ್ಸೋ ಒಬ್ರು ಅಕ್ಕ, ಒಬ್ರು ರಿಟೈರ್ಡ್ ಮೇಷ್ಟ್ರು, ಈ ಹುಡುಗ, ನಾನು. ಪುಸ್ತಕ ಎಲ್ಲ ನಮ್ಮ ಅಂಗಡಿ ಮೂಲಕವೇ ಓಡಾಡೋದು. ನನ್ನ ಉದ್ರಿ ಪುಸ್ತಕ ಇದೆಯಲ್ಲ, ಅದರ ಮುಂದಿನಿಂದ ಔಷಧಿ ಉದ್ರಿ, ಹಿಂದಿನಿಂದ ಕಾದಂಬರಿ ಉದ್ರಿ, ಎರಡೂ ಮಧ್ಯದಲ್ಲಿ ಎಲ್ಲೋ ಒಂದಿನ ಡಿಕ್ಕಿ ಹೊಡೀಬೇಕು. (ಔಷಧಿ ಉದ್ರಿ ಬೇಗ ವಸೂಲಾಗುತ್ತೆ, ಪುಸ್ತಕದ್ದು ಆ ದೇವರೇ ಗತಿ.)

ತಪ್ಪು ಆ ಹುಡುಗನ ವಿಷಯದಲ್ಲಿ ಮಾತ್ರ ಆಗಿದ್ದಲ್ಲ. ಮೇಷ್ಟ್ರಿಗೆ ಒಂದ್ಸಲ ಕಾರಂತರ ಬೆಟ್ಟದ ಜೀವ ಕೊಟ್ಟೆ, 1943ರ ಕಾದಂಬರಿ, ಸುಬ್ರಹ್ಮಣ್ಯದ ಕಡೆ ಕಾಡಿನ ಮಧ್ಯ ತೋಟ ಮಾಡಿಕೊಂಡಿರೋ ಗೋಪಾಲಯ್ಯ ಶಂಕರಮ್ಮ ಅನ್ನೋ ವಯಸ್ಸಾದ ಗಂಡ ಹೆಂಡತಿ, ಮಗ ಮನೆ ಬಿಟ್ಟು ಹೋಗಿದ್ದಾನೆ, ಇವರು ಬರೋ ಹೋಗೋ ಅಪರಿಚಿತರನ್ನೆಲ್ಲ ಮನೆ ಮಗನ ಹಾಗೆ ಕೂರ್ಸಿ ಊಟ ಹಾಕ್ತಾರೆ. ಮೇಷ್ಟ್ರಿಗೆ ಪ್ರಕೃತಿ ವರ್ಣನೆ ಅಂದ್ರೆ ಪ್ರಾಣ, ಅದಕ್ಕೇ ಅಂತ ಕೊಟ್ಟಿದ್ದು. ಅವರು ಪುಸ್ತಕ ಕಂಕುಳಲ್ಲಿಟ್ಟು ರಸ್ತೆ ದಾಟಿ ಹೋದ ಮೇಲೆ ನಂಗೆ ಹೊಳೀತು, ಅವರ ಮಗ ಹೊರದೇಶಕ್ಕೆ ಹೋಗಿ ಎಷ್ಟೋ ವರ್ಷ ಆಯ್ತು, ಫೋನೂ ಇಲ್ಲ. ಅಯ್ಯೋ ಅನ್ನಿಸ್ತು, ಓಡಿ ಹೋಗಿ ವಾಪಸ್ ಇಸ್ಕೊಳ್ಳೋಕಾಗುತ್ತಾ. ಒಂದು ತಿಂಗಳು ಅವರು ಅಂಗಡಿ ಕಡೆ ಬರಲೇ ಇಲ್ಲ, ಬಿಪಿ ಮಾತ್ರೆಗೂ ಬೇರೆ ಯಾರನ್ನೋ ಕಳಿಸಿದ್ರು. ಆಮೇಲೆ ಒಂದಿನ ಬೆಳಿಗ್ಗೆ ಬಂದು ಕೌಂಟರ್ ಮೇಲೆ ಇನ್ನೊಂದು ಬೆಟ್ಟದ ಜೀವ ಇಟ್ರು, ಹೊಸದು, ಹಾಸನಕ್ಕೆ ಹೋದಾಗ ಕೊಂಡುಕೊಂಡು ಬಂದಿದ್ರು. ‘ನಿಂದು ನಾನೇ ಇಟ್ಕೊತೀನಿ ಕಣಯ್ಯ, ದಿನಾ ರಾತ್ರಿ ಒಂದೊಂದು ಹತ್ತು ಪುಟ ನಮ್ಮೋಳಿಗೆ ಓದಿ ಹೇಳ್ತಿದೀನಿ, ಮುಗೀತು, ಮತ್ತೆ ಮೊದಲಿಂದ ಓದು ಅಂತಾಳೆ’ ಅಂದ್ರು. ಮಗನ ಮಾತು ಅವರೂ ಎತ್ತಲಿಲ್ಲ ನಾನೂ ಎತ್ತಲಿಲ್ಲ, ಮಾತ್ರೆ ತಗೊಂಡು ಹೋದ್ರು. ಇಲ್ಲಿ ನಾನು ತಪ್ಪು ಮಾಡಿದ್ನೋ ಸರಿ ಮಾಡಿದ್ನೋ ಅಂತ ಇವತ್ತಿಗೂ ತಿಳೀಲಿಲ್ಲ.

ಪಾರ್ಲರ್ ಅಕ್ಕಂಗೆ ಫಣಿಯಮ್ಮ ಕೊಟ್ಟಿದ್ದು ಮಾತ್ರ ಸರಿಯಾಗಿ ನಾಟಿತು. ಎಂ.ಕೆ. ಇಂದಿರಾ ಅವರು 1917ರಲ್ಲಿ ಹುಟ್ಟಿದೋರು, ಮೊದಲನೇ ಕಾದಂಬರಿ ತುಂಗಭದ್ರ ಬಂದಿದ್ದು 1963ರಲ್ಲಿ, ಅಂದ್ರೆ ನಲವತ್ತೈದು ದಾಟಿದ ಮೇಲೆ, ಇದನ್ನ ಕೇಳಿ ಅಕ್ಕ ‘ಹಾಗಾದ್ರೆ ನಂಗಿನ್ನೂ ಟೈಮ್ ಇದೆ’ ಅಂದ್ರು. ಬಾಲವಿಧವೆಯ ತಲೆ ಬೋಳಿಸೋ ಕತೆ ಓದಿ ಆ ಅಕ್ಕ ಎರಡು ದಿನ ಕತ್ತರಿ ಹಿಡಿಯೋಕೆ ಮನಸ್ಸು ಬರಲಿಲ್ಲ ಅಂದ್ರು, ಉತ್ಪ್ರೇಕ್ಷೆ ಇರಬಹುದು, ಆದ್ರೂ ಆಮೇಲೆ ಪಾರ್ಲರ್‌ನಲ್ಲಿ ಕಾಯ್ತಾ ಕೂತೋರಿಗೆ ಹಳೇ ಸಿನಿಮಾ ಮ್ಯಾಗಜಿನ್ ಬದಲು ತ್ರಿವೇಣಿ ಇಂದಿರಾ ಇಡೋಕೆ ಶುರು ಮಾಡಿದಾರೆ.

ಕುಸುಮಬಾಲೆ ವಿಷಯದಲ್ಲಿ ನಾನೇ ರೋಗಿ. ದೇವನೂರರ ಆ ಪುಸ್ತಕ ತೆಳ್ಳಗಿದೆ, ಮೂರು ಸಲ ಶುರು ಮಾಡಿ ಮೂರು ಸಲಾನೂ ಬಿಟ್ಟಿದ್ದೆ, ಭಾಷೆ ಕಣ್ಣಿಗೆ ಹತ್ತುತ್ತಲೇ ಇರ್ಲಿಲ್ಲ. ಕಂಡಕ್ಟರ್ ನಂಜನಗೂಡು ಕಡೆಯೋನು. ‘ಕೊಡಿ ಇಲ್ಲಿ’ ಅಂತ ಕಿತ್ಕೊಂಡು ಅಂಗಡಿ ಶಟರ್ ಅರ್ಧ ಎಳೆದು ಜೋರಾಗಿ ಓದೋಕೆ ಶುರು ಮಾಡಿದ, ಅವರ ಅಜ್ಜಿ ಮಾತಾಡಿದ ಹಾಗೇ ಇದೆ ಅಂತೆ ಅವನಿಗೆ. ಜೋತಮ್ಮಗಳು, ಅಂದ್ರೆ ಮನೆಮನೆಯ ದೀಪದ ಜ್ಯೋತಿಗಳು, ಒಂದುಕಡೆ ಸೇರಿ ಆಯಾ ಮನೆಯ ಸುಖ ದುಃಖ ಮಾತಾಡೋ ಕಡೆ ಬಂದಾಗ ಕರೆಂಟ್ ಹೋಯ್ತು ನಿಜವಾಗ್ಲೂ, ಮೊಬೈಲ್ ಟಾರ್ಚ್ ಹಿಡಿದು ಓದಿ ಮುಗ್ಸಿದ. ಕಣ್ಣಿಗೆ ಹತ್ತದೇ ಇದ್ದಿದ್ದು ಕಿವಿಗೆ ಹತ್ತಿತು. ಇದನ್ನ ಯಾವ ಪಟ್ಟಿ ಹೇಳುತ್ತೆ ಹೇಳಿ, ಈ ಕಾದಂಬರಿಯನ್ನ ನಂಜನಗೂಡಿನ ಕಡೆಯ ಸ್ನೇಹಿತನ ಬಾಯಲ್ಲಿ ಕೇಳಿ ಅಂತ?

ಎಲ್ಲಾನೂ ಒಬ್ಬರಿಗೊಬ್ಬರು ಹೊಂದುತ್ತೆ ಅಂತೇನಿಲ್ಲ. ಭೈರಪ್ಪನವರ ವಂಶವೃಕ್ಷ, ಅನಂತಮೂರ್ತಿಯವರ ಸಂಸ್ಕಾರ ಎರಡೂ 1965ರಲ್ಲೇ ಬಂದಿದ್ದು, ಮೇಷ್ಟ್ರು ಒಂದನ್ನ ತಲೆ ಮೇಲೆ ಹೊರ್ತಾರೆ, ವೈರಿಂಗ್ ಗೆಳೆಯ ಇನ್ನೊಂದನ್ನ, ಇಬ್ಬರೂ ಎದುರುಬದುರಾದ್ರೆ ನಾನು ಚಹಾಕ್ಕೆ ಹೇಳಿ ಒಳಗೆ ಸ್ಟಾಕ್ ನೋಡೋಕೆ ಹೋಗ್ತೀನಿ.

ಇನ್ನು ವಾಟ್ಸಾಪಲ್ಲಿ ಪಿಡಿಎಫ್ ತೂರೋರ ಬಗ್ಗೆ ಒಂದು ಮಾತು. ಕಾದಂಬರಿ ಪೂರ್ತಿ ಸ್ಕ್ಯಾನ್ ಮಾಡಿ ಒಂದೇ ದಿನ ಮೂವತ್ತು ಫೈಲ್ ಕಳಿಸಿ ‘ಕನ್ನಡ ಉಳಿಸಿ’ ಅಂತ ಬರೀತಾರೆ. ಬರೆದೋರಿಗೂ ಅಚ್ಚು ಹಾಕಿದೋರಿಗೂ ಕಾಸಿಲ್ಲ, ಓದೋರೂ ಇಲ್ಲ, ಸ್ಟೋರೇಜ್ ಫುಲ್ ಅಂದಾಗ ಮೊದಲು ಡಿಲೀಟ್ ಆಗೋದೇ ಅವು. ಗಳಗನಾಥರು ತಾವು ಬರೆದ ಕಾದಂಬರಿಗಳನ್ನ ತಾವೇ ಹೊತ್ಕೊಂಡು ಊರೂರು ತಿರುಗಿ ಮಾರಿದ್ರು ಅನ್ನೋದನ್ನ ನಾವು ಸ್ಕೂಲಲ್ಲಿ ಕೇಳಿ ಬೆಳೆದೋರು, ಇವರಿಗೆ ಫಾರ್ವರ್ಡ್ ಒತ್ತೋದೇ ಸೇವೆ. ಲೈಬ್ರರಿ ಇಲ್ವಾ ಅಂತ ಕೇಳಬಹುದು ನೀವು. ಇದೆ. ಮನೆ ಕಂದಾಯ ಕಟ್ಟಿದಾಗ ಅದರ ಮೇಲೆ ಶೇಕಡಾ 6 ಗ್ರಂಥಾಲಯ ಕರ ಅಂತ ನಾನೂ ಕಟ್ತೀನಿ, 1965ರ ಕಾನೂನು ಅದು. ಆದ್ರೆ ನಾನು ಹೋಗೋ ಲೈಬ್ರರೀಲಿ ಕಾದಂಬರಿಗಳೆಲ್ಲ ಗಾಜಿನ ಬೀರುವಲ್ಲಿ ಬೀಗದ ಹಿಂದೆ, ಕೀ ಇಟ್ಕೊಂಡಿರೋರು ಊಟಕ್ಕೆ ಹೋಗಿರ್ತಾರೆ, ಬೆನ್ನು ಮಾತ್ರ ಓದ್ಕೊಂಡು ಬರಬಹುದು.

ಅದಕ್ಕೆ ನನ್ನದೊಂದು ಕೋರಿಕೆ. ಪಟ್ಟಿ ಬದಲು ಆ ಜಾಗದಲ್ಲಿ ಓದುಗರಿಂದ ನಾಲ್ಕು ನಾಲ್ಕು ಸಾಲು ತರ್ಸಿ ಹಾಕಿ, ಯಾವ ಕಾದಂಬರಿ, ಯಾರಿಗೆ ಕೊಟ್ರಿ, ಏನಾಯ್ತು. ಕೊಟ್ಟು ಕೆಟ್ಟಿದ್ದನ್ನೂ ಬರೀಲಿ, ಅದೇ ಹೆಚ್ಚು ಉಪಯೋಗಕ್ಕೆ ಬರೋದು.

ನನ್ನ ಮಲೆಗಳಲ್ಲಿ ಮದುಮಗಳು ಪ್ರತಿ ಒಂದಿದೆ, 1967ರ ಕಾದಂಬರಿ, ನನ್ನದು ತೀರಾ ಈಚಿನ ಮುದ್ರಣ, ಆದ್ರೂ ಅದರ ಸ್ಥಿತಿ ನೋಡಿದ್ರೆ ಕುವೆಂಪು ಅವರೇ ಓದಿ ಕೊಟ್ಟಿದ್ದು ಅನ್ಬೇಕು. ಹಿಂದಿನ ಖಾಲಿ ಪುಟದಲ್ಲಿ ನಾನು ಪೆನ್ಸಿಲಲ್ಲಿ ಬರ್ಕೊಂಡಿದ್ದೆ, ಕೋಣೂರು ಅಂದ್ರೆ ಮುಕುಂದಯ್ಯ, ಹೂವಳ್ಳಿ ಚಿನ್ನಮ್ಮ, ಸಿಂಬಾವಿ ಭರಮೈಹೆಗ್ಗಡೆ, ಗುತ್ತಿ ತಿಮ್ಮಿ, ಐತ ಪೀಂಚಲು ಅಂತ, ಇಲ್ಲಾಂದ್ರೆ ಅಷ್ಟು ಜನರಲ್ಲಿ ಯಾರು ಯಾರು ಅಂತ ಗೊತ್ತಾಗಲ್ಲ. ಅದರ ಕೆಳಗೆ ಅಕ್ಕ ನೀಲಿ ಪೆನ್ನಲ್ಲಿ ಇನ್ನೂ ಹತ್ತು ಹೆಸರು ಸೇರ್ಸಿದಾರೆ, ಕಂಡಕ್ಟರ್ ಬಾಣ ಗುರುತು ಹಾಕಿ ಯಾರಿಗೆ ಯಾರು ಏನಾಗ್ಬೇಕು ಅಂತ ಎಳೆದಿದಾನೆ, ಒಂದು ಕಡೆ ಅರಿಶಿನದ ಬೆರಳಚ್ಚು ಇದೆ ಅದು ಯಾರದ್ದು ಅಂತ ಯಾರೂ ಒಪ್ಕೊಂಡಿಲ್ಲ. ಗುತ್ತಿಯ ನಾಯಿ ಹುಲಿಯ ಇದೆಯಲ್ಲ, ಕೊನೆಗೆ ತುಂಗಾ ಹೊಳೆ ದಾಟೋ ಜಾಗ, ಅಲ್ಲಿ ಏನಾಗುತ್ತೆ ಅಂತ ಬರೆಯಲ್ಲ, ಓದದೇ ಇರೋರು ಇರ್ತಾರೆ. ಆದ್ರೆ ಆ ಪುಟ ಮುಗಿದ ಕೂಡ್ಲೇ ಪ್ರತಿಯೊಬ್ರೂ ನಂಗೆ ಫೋನ್ ಮಾಡಿದಾರೆ, ಹೊತ್ತು ಗೊತ್ತು ನೋಡದೆ, ಕಂಡಕ್ಟರ್ ಅಂತೂ ರಾತ್ರಿ ಒಂದೂವರೆಗೆ, ಫೋನ್ ಎತ್ತಿದ್ರೆ ಮಾತೇ ಇಲ್ಲ.

ಈಗ ಆ ಪ್ರತಿ ಅಂಗಡಿ ಹುಡುಗನ ಹತ್ರ ಇದೆ, ಕೊಟ್ಟು ಮೂರು ವಾರ ಆಯ್ತು. ಇನ್ನೂ ಫೋನ್ ಬಂದಿಲ್ಲ.

ಇಂತಿ,
ಒಬ್ಬ ಮೆಡಿಕಲ್ ಶಾಪಿನವ, ಹಾಸನ ಜಿಲ್ಲೆ