ಸಿಸೇರಿಯನ್ ಕಡಿಮೆ ಮಾಡುವ ಮೊದಲು ಗರ್ಭಿಣಿಗೆ ಒಂದು ಕುರ್ಚಿ ಕೊಡಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಾನು ಎರಡು ಮಕ್ಕಳ ತಾಯಿ. ಮೊದಲನೆಯದು ನಾರ್ಮಲ್ ಹೆರಿಗೆ. ಎರಡನೆಯದು ಮೊದಲೇ ದಿನ ಗೊತ್ತುಮಾಡಿಕೊಂಡ ಸಿಸೇರಿಯನ್. ಆ ಸಿಸೇರಿಯನ್ ಬೇಕೆಂದು ಬಾಯಿಬಿಟ್ಟು ಕೇಳಿದವಳು ನಾನೇ. ರಾಜ್ಯದಲ್ಲಿ ಸಿಸೇರಿಯನ್ ವಿಪರೀತವಾಗಿದೆ, ಅದನ್ನು ತಗ್ಗಿಸಬೇಕು ಎಂಬ ಮಾತು ಸರ್ಕಾರದ ಕಡೆಯಿಂದ ಬಂದಾಗಲೆಲ್ಲ ನನಗೆ ಆ ದಿನಗಳು ನೆನಪಾಗುತ್ತವೆ. ಅದಕ್ಕಾಗಿ ಈ ಪತ್ರ.

ನಿಮ್ಮ ಆತಂಕ ಸುಳ್ಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸಿಸೇರಿಯನ್ ಪ್ರಮಾಣ ಶೇ 21.5 ಇದ್ದರೆ ಕರ್ನಾಟಕದ್ದು ಶೇ 31.5. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ಖಾಸಗಿ ಬಾಗಿಲು ದಾಟಿದೊಡನೆ ಹೆಂಗಸರ ದೇಹ ಬೇರೆಯಾಗಿಬಿಡುವುದಿಲ್ಲವಲ್ಲ. ಹಾಗಾದರೆ ಈ ಅಂತರದಲ್ಲಿ ಬೇರೆ ಲೆಕ್ಕಗಳಿವೆ, ಅವನ್ನು ನೀವು ಕೇಳಲೇಬೇಕು. ಆದರೆ ಆ ಅಂಕಿಯೊಳಗೆ ನನ್ನಂಥವರೂ ಇದ್ದೇವೆ.

ನನ್ನ ಮೊದಲ ಹೆರಿಗೆಗೆ ಬೇನೆ ಶುರುವಾಗಿ ಇಪ್ಪತ್ತೆರಡು ಗಂಟೆ ಹಿಡಿಯಿತು. ಕೊನೆಗೆ ವ್ಯಾಕ್ಯೂಮ್ ಹಾಕಿ ಮಗುವನ್ನು ತೆಗೆದರು. ಮಲದ್ವಾರದ ಸ್ನಾಯುವಿನವರೆಗೂ ಹರಿದುಹೋಗಿತ್ತು. ಹೊಲಿಗೆ ಹಾಕಿದವರು ಅಷ್ಟು ಆಳಕ್ಕೆ ಹರಿದಿದೆ ಎಂದು ನನಗೆ ಹೇಳಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದ ಇಂಗ್ಲಿಷ್ ನನಗೆ ಅರ್ಥವಾದದ್ದು ಎಷ್ಟೋ ತಿಂಗಳ ಮೇಲೆ. ಬಾಣಂತನದಲ್ಲಿ ಅಮ್ಮ ನೀರು ಹಾಕುವಾಗ ಬಚ್ಚಲಲ್ಲಿ ಅತ್ತಿದ್ದೇನೆ. ಎಂಟು ತಿಂಗಳು ಬಟ್ಟೆ ಕೆಡುವ ಹೆದರಿಕೆಗೆ ಬಸ್ ಹತ್ತಲಿಲ್ಲ, ಮದುವೆ ಮುಂಜಿಗಳಿಗೆ ಹೋಗಲಿಲ್ಲ. ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ: "ನಾರ್ಮಲ್ಲಾ, ಸಿಸೇರಿಯನ್ನಾ?" ನಾರ್ಮಲ್ ಎಂದಾಗ, "ಸದ್ಯ, ಬಚಾವಾದೆ" ಎನ್ನುತ್ತಿದ್ದರು.

ಎರಡನೆಯ ಸಲ ಗರ್ಭಿಣಿಯಾದಾಗ ಒಬ್ಬ ವೈದ್ಯರ ಬಳಿ ನನ್ನ ಭಯ ಹೇಳಿಕೊಂಡೆ. ಅವರು ತಾಯಿ ಕಾರ್ಡ್‌ನಿಂದ ತಲೆ ಎತ್ತದೆಯೇ, "ಮೊದಲನೆಯದು ನಾರ್ಮಲ್ ಆಗಿದೆ, ಇದು ಇನ್ನೂ ಸಲೀಸು. ನೋವಿಗೆ ಹೆದರಿದರೆ ಹೇಗಮ್ಮಾ?" ಎಂದರು. ನಾನು ಹೆದರಿದ್ದು ನೋವಿಗಲ್ಲ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರ ಹೆಸರು ಕೂಗಿದ್ದರು. ಹಠಕ್ಕೆ ಬಿದ್ದು ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದೆ. ಅಲ್ಲಿ ಎರಡೇ ನಿಮಿಷದಲ್ಲಿ ಒಪ್ಪಿದರು. "ಮಾಡೋಣ, ಒಳ್ಳೆಯ ನಕ್ಷತ್ರ ನೋಡಿಸಿಕೊಂಡು ಬನ್ನಿ" ಎಂದು ಪ್ಯಾಕೇಜಿನ ಹಾಳೆ ಕೊಟ್ಟರು. ಹೊರಗೆ ಬಂದು ಆಟೋದಲ್ಲಿ ಕುಳಿತಾಗ ಮೊದಲಿಗಿಂತ ಹೆಚ್ಚು ದಿಗಿಲಾಯಿತು. ಒಬ್ಬರು ಬೇಡ ಎಂದಿದ್ದರು, ಇನ್ನೊಬ್ಬರು ಆಗಲಿ ಎಂದಿದ್ದರು. ನನಗೆ ಸಿಸೇರಿಯನ್ ಏಕೆ ಬೇಕು ಎಂದು ಇಬ್ಬರೂ ಕೇಳಿರಲಿಲ್ಲ.

ಕೇಳಿದವರು ಸರ್ಕಾರಿ ಆಸ್ಪತ್ರೆಯ ಒಬ್ಬ ಚಿಕ್ಕ ವಯಸ್ಸಿನ ವೈದ್ಯೆ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ನನ್ನನ್ನು ಕೂರಿಸಿ, "ನಿಮಗೆ ಯಾವುದರ ಭಯ, ಹೇಳಿ" ಎಂದರು. ಹಳೆಯ ಚೀಟಿ ಓದಿದರು. ಗಾಯ ಹೇಗೆ ಕೂಡಿದೆ ಎಂದು ಪರೀಕ್ಷೆ ಮಾಡಿದರು. ಹಿಂದೆ ಹೀಗೆ ಆಳವಾಗಿ ಹರಿದು ಇನ್ನೂ ತೊಂದರೆ ಉಳಿದಿರುವವರ ಜೊತೆ ಸಿಸೇರಿಯನ್ ವಿಷಯವನ್ನು ಕೂತು ಮಾತಾಡಲೇಬೇಕು, ಇದು ನಿಮ್ಮ ಹಠವಲ್ಲ ಎಂದರು. ಆಮೇಲೆ ಸ್ಕ್ಯಾನಿಂಗ್ ಕವರಿನ ಹಿಂಬದಿಯಲ್ಲಿ ಗರ್ಭಕೋಶದ ಚಿತ್ರ ಬರೆದು, ಎಲ್ಲಿ ಕುಯ್ಯುತ್ತಾರೆ ಎಂದು ಪೆನ್ನಿನಲ್ಲಿ ಗೀಟು ಎಳೆದರು. ರಕ್ತಸ್ರಾವ, ನಂಜು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಯಾವುದನ್ನೂ ಮುಚ್ಚಿಡಲಿಲ್ಲ. "ಇನ್ನೂ ಮಕ್ಕಳು ಬೇಕೇ?" ಎಂದು ಕೇಳಿದರು. ಆ ಪ್ರಶ್ನೆ ಏಕೆಂದು ನನಗೆ ಹೊಳೆದಿರಲಿಲ್ಲ. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಜಾಗಕ್ಕೇ ಅಂಟಿಕೊಳ್ಳಬಹುದು, ಒಂದೊಂದು ಸಿಸೇರಿಯನ್ನಿಗೂ ಆ ಅಪಾಯ ಏರುತ್ತದೆ ಎಂದು ಬಿಡಿಸಿ ಹೇಳಿದರು. ನಮಗೆ ಎರಡೇ ಸಾಕು ಎಂದೆ. ಬೇರೆ ತೊಂದರೆ ಏನೂ ಇಲ್ಲದಿದ್ದರೆ 39 ವಾರ ತುಂಬುವವರೆಗೆ ಕಾಯೋಣ, ಅದಕ್ಕೂ ಮೊದಲು ತೆಗೆದರೆ ಮಗುವಿಗೆ ಉಸಿರಾಟದ ತೊಂದರೆ ಹೆಚ್ಚು, ನಕ್ಷತ್ರಕ್ಕಾಗಿ ದಿನ ಹಿಂದಕ್ಕೆ ತರುವುದಿಲ್ಲ ಎಂದರು. ಮನೆಗೆ ಹೋಗಿ ಯೋಚನೆ ಮಾಡಿ, ಮನಸ್ಸು ಬದಲಾದರೆ ಅದೂ ಸರಿಯೇ ಎಂದರು. ಇಷ್ಟಕ್ಕೆ ಹಿಡಿದದ್ದು ಹದಿನೈದು ನಿಮಿಷ.

ನನ್ನ ಮನಸ್ಸು ಬದಲಾಗಲಿಲ್ಲ. ಬದಲಾಗಿದ್ದರೂ ಆ ಹದಿನೈದು ನಿಮಿಷದ ಬೆಲೆ ಅಷ್ಟೇ ಇರುತ್ತಿತ್ತು.

ಸಿಸೇರಿಯನ್ ಎಂದರೆ ಹೊಟ್ಟೆ ಕುಯ್ಯುವ ದೊಡ್ಡ ಶಸ್ತ್ರಚಿಕಿತ್ಸೆ. ಅದನ್ನು ಹಗುರ ಮಾಡಿ ಹೇಳುವ ಹಕ್ಕು ಯಾರಿಗೂ ಇಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಡ್ರಿಪ್‌ನಲ್ಲಿ ಹಾಕುವ ದ್ರಾವಣದ ಮೇಲೆ ಶಂಕೆ ಬಂದು ಸರ್ಕಾರವೇ ಅದರ ಬಳಕೆಯನ್ನು ತಡೆಹಿಡಿಯಿತು. ಆ ಸುದ್ದಿ ಓದಿದ ರಾತ್ರಿ ನನ್ನ ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು ಮಲಗಿದ್ದೆ. ಇಂಥ ನಾಡಿನಲ್ಲಿ ಹೆಣ್ಣೊಬ್ಬಳು ಶಸ್ತ್ರಚಿಕಿತ್ಸೆಯೇ ಬೇಕು ಎನ್ನುತ್ತಾಳೆಂದರೆ ಅವಳಿಗೊಂದು ಕಾರಣ ಇದ್ದೇ ಇರುತ್ತದೆ. ಕೆಲವೊಮ್ಮೆ ಆ ಕಾರಣ ತಪ್ಪು ತಿಳಿವಳಿಕೆಯೂ ಆಗಿರಬಹುದು, ಅತ್ತೆಯ ಮನೆಯ ಒತ್ತಾಯವೂ ಆಗಿರಬಹುದು. ಕೇಳಿದರೆ ತಾನೇ ತಿಳಿಯುವುದು?

ವಿಶ್ವ ಆರೋಗ್ಯ ಸಂಸ್ಥೆ ಕೂಡ 2015ರಲ್ಲಿ ಇಷ್ಟೇ ಶೇಕಡ ಮುಟ್ಟಬೇಕೆಂದು ಗುರಿ ಇಟ್ಟುಕೊಳ್ಳುವುದಕ್ಕಿಂತ ಅಗತ್ಯವಿರುವ ಹೆಣ್ಣಿಗೆ ಸಿಸೇರಿಯನ್ ಸಿಗುವಂತೆ ನೋಡಿಕೊಳ್ಳಿ ಎಂದು ಹೇಳಿತು. ಆಸ್ಪತ್ರೆಗಳಿಗೆ ಬರಿಯ ಅಂಕಿಯ ಗುರಿ ಕೊಟ್ಟರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಮೊದಲು ಬಾಯಿ ಮುಚ್ಚಿಸುವುದು ನನ್ನಂಥವರದ್ದನ್ನೇ.

ಒಪ್ಪಿಗೆ ಪತ್ರದ ವಿಷಯವೂ ಇದೆ. ಮೊದಲ ಹೆರಿಗೆಯಲ್ಲಿ, ಅಗತ್ಯ ಬಿದ್ದರೆ ಇರಲಿ ಎಂದು ಆಪರೇಷನ್ ಕಾಗದಕ್ಕೆ ನನ್ನ ಗಂಡನ ಸಹಿ ಹಾಕಿಸಿಕೊಂಡಿದ್ದರು. ನನ್ನನ್ನು ಕೇಳಲೇ ಇಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ತೀರ್ಪು ಕೊಟ್ಟಿದೆ. ಅರಿವಳಿಕೆಯಲ್ಲಿದ್ದ ವಯಸ್ಕ ಹೆಣ್ಣಿನ ಪರವಾಗಿ ಅವಳ ತಾಯಿ ಕೊಟ್ಟ ಒಪ್ಪಿಗೆ ಕೂಡ ಒಪ್ಪಿಗೆಯಲ್ಲ ಎಂದಿತು ಅದು. ಬೇನೆ ತಿನ್ನುತ್ತಿರುವವಳ ಮುಂದೆ ಹಾಳೆ ಹಿಡಿದು ಬೆರಳು ತೋರಿಸಿ ಸಹಿ ಹಾಕಿಸುವುದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆ ಹಾಳೆ ಕನ್ನಡದಲ್ಲಿರಲಿ, ಎಂಟನೇ ತಿಂಗಳಲ್ಲೇ ಅವಳ ಕೈಗೆ ಸಿಗಲಿ, ಮನೆಗೆ ಒಯ್ದು ಓದಿಕೊಳ್ಳಲಿ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಪ್ರತಿ ತಿಂಗಳು 9ರಂದು ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. ಅಂದಿನ ಸಾಲು ನೋಡಿದವರು ವೈದ್ಯರನ್ನು ಬೈಯಲಾರರು, ನೂರು ಜನರನ್ನು ನೋಡಬೇಕಾದವರು ಹದಿನೈದು ನಿಮಿಷ ಎಲ್ಲಿಂದ ತರಬೇಕು? ಆದರೆ ಇವೇ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆಗೆ ಆಪ್ತಸಮಾಲೋಚಕರಿದ್ದಾರೆ. ಬಾಗಿಲು ಮುಚ್ಚಿ, ಗುಟ್ಟು ಕಾಪಾಡಿ ಮಾತಾಡುವ ಕೆಲಸ ಅವರಿಗೆ ಗೊತ್ತಿದೆ. ಹೆರಿಗೆಗೂ ಅಂಥದ್ದೊಂದು ಕೊಠಡಿ ಮಾಡಿ, ತರಬೇತಿ ಪಡೆದ ಶುಶ್ರೂಷಕಿಯನ್ನು ಕೂರಿಸಿ. ಮೊದಲು ಗರ್ಭಿಣಿಯೊಬ್ಬಳೇ ಮಾತಾಡಲಿ, ಆಮೇಲೆ ಮನೆಯವರನ್ನು ಕರೆಯಲಿ. ಅವಳು ಏನು ಕೇಳಿದಳು, ಏನು ಹೇಳಿದರು, ಕೊನೆಗೆ ಏನು ತೀರ್ಮಾನವಾಯಿತು ಎಂದು ಬರೆಯಲು ತಾಯಿ ಕಾರ್ಡ್‌ನಲ್ಲಿ ಅರ್ಧ ಪುಟ ಕೊಡಿ. ಹೆರಿಗೆಯ ರಾತ್ರಿ ಡ್ಯೂಟಿಯಲ್ಲಿರುವವರು ಬೇರೆಯವರಾದರೂ ಅದನ್ನು ಓದಿಕೊಳ್ಳುತ್ತಾರೆ. ಕೇಳಿದ್ದನ್ನು ವೈದ್ಯರು ಒಪ್ಪದಿದ್ದರೆ ಕಾರಣ ಬರೆದು ಇನ್ನೊಬ್ಬ ವೈದ್ಯರ ಬಳಿ ಕಳುಹಿಸಲಿ. ಗದರಿಸಿ ಕಳುಹಿಸುವುದು ಬೇಡ. ಖಾಸಗಿ ಆಸ್ಪತ್ರೆಗಳಿಗೂ ಇದೇ ಅರ್ಧ ಪುಟವನ್ನು ಕಡ್ಡಾಯ ಮಾಡಿ. ಅನಗತ್ಯ ಸಿಸೇರಿಯನ್ ಎಲ್ಲಿ ನಡೆಯುತ್ತಿದೆ ಎಂದು ನಿಮ್ಮ ಇಲಾಖೆಗೆ ಆ ಬರಹದಿಂದಲೇ ತಿಳಿಯುತ್ತದೆ.

ನನ್ನ ತಂಗಿಗೆ ಈಗ ಏಳು ತಿಂಗಳು. ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದಾಳೆ. ಅವಳಿಗೆ ನಾರ್ಮಲ್ ಹೆರಿಗೆಯೇ ಆಗಬೇಕೆಂಬ ಆಸೆ, ನನ್ನ ಕತೆ ಕೇಳಿ ಕೇಳಿ ಹೆದರಿಕೆಯೂ ಇದೆ. ಬರುವ 9ರಂದು ತಾಲ್ಲೂಕು ಆಸ್ಪತ್ರೆಗೆ ಅವಳ ಜೊತೆ ನಾನೂ ಹೋಗುತ್ತೇನೆ. ಕೇಳಬೇಕಾದ ಪ್ರಶ್ನೆಗಳನ್ನು ಅವಳು ನೋಟುಪುಸ್ತಕದ ಹಾಳೆಯಲ್ಲಿ ಬರೆದು ತಾಯಿ ಕಾರ್ಡ್‌ನೊಳಗೆ ಇಟ್ಟುಕೊಂಡಿದ್ದಾಳೆ. ಒಟ್ಟು ಹನ್ನೊಂದು ಪ್ರಶ್ನೆಗಳಿವೆ.

ಇತಿ,
ತಮ್ಮ ವಿಶ್ವಾಸಿ,
ಇಬ್ಬರು ಮಕ್ಕಳ ತಾಯಿ