ವಿಮೆ ಇಲ್ಲದ ಗಾಡಿ ಗುದ್ದಿದಾಗ

ಮಾನ್ಯರೇ,

2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ಗಾಡಿಯಿಂದ ಬೇರೆಯವರಿಗಾದ ಹಾನಿ ತುಂಬುವ ವಿಮೆ) ಕಡ್ಡಾಯ. ಆ ಐದು ವರ್ಷ ಕಳೆದ ಮೇಲೆ ಅದನ್ನು ನವೀಕರಿಸುವ ಗೋಜಿಗೆ ಬಹಳ ಮಂದಿ ಹೋಗುವುದಿಲ್ಲ. ಅಂಥ ಗಾಡಿ ಗುದ್ದಿ ಕಾಲು ಮುರಿದರೆ ಪರಿಹಾರ ಕೊಡಬೇಕಾದವರು ಮಾಲೀಕ ಮತ್ತು ಚಾಲಕ. ಅವರ ಹೆಸರಲ್ಲಿ ಆಸ್ತಿ ಇಲ್ಲದಿದ್ದರೆ ಎಂವಿಸಿ (ಅಪಘಾತ ಪರಿಹಾರದ) ಕೇಸು ಗೆದ್ದವರಿಗೆ ಸಿಗುವುದು ತೀರ್ಪಿನ ಪ್ರತಿಯಷ್ಟೆ.

ಆದ್ದರಿಂದ ಠಾಣೆ ಮುಂದೆ ನಿಂತ ಗಾಡಿಯ ಮೇಲೆ ಕಣ್ಣಿಡಬೇಕು. ವಿಮೆ ಇಲ್ಲದ ವಾಹನವನ್ನು ಪರಿಹಾರದ ಹಣಕ್ಕೆ ಸಾಕಷ್ಟು ಭದ್ರತೆ (ಖಾತರಿ) ಪಡೆಯದೆ ಬಿಡಕೂಡದು, ಮೂರು ತಿಂಗಳಲ್ಲಿ ಭದ್ರತೆ ಕೊಡದಿದ್ದರೆ ಹರಾಜು ಹಾಕಿ ಹಣವನ್ನು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕಟ್ಟಬೇಕು. ಇಂಥ ನಿಯಮ ತರಲು ಸುಪ್ರೀಂ ಕೋರ್ಟ್ 2018ರಲ್ಲೇ ಎಲ್ಲ ರಾಜ್ಯಗಳಿಗೆ ಸೂಚಿಸಿದೆ. ಮಾಲೀಕ ಗಾಡಿ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿದಾಗ ಗಾಯಾಳುವಿನ ಕಡೆಯಿಂದ ಆಕ್ಷೇಪಣೆ ಹೋಗಲೇಬೇಕು. ಹಳೇ ಸ್ಕೂಟರ್ ಹರಾಜಾದರೆ ಬರುವುದು ಅಷ್ಟಕ್ಕಷ್ಟೆ, ನಿಜ. ಲಾರಿ, ಟ್ರ್ಯಾಕ್ಟರ್ ಆದರೆ ಮಾತೇ ಬೇರೆ: ದುಡಿಯುವ ಗಾಡಿ ನಿಂತರೆ ಮಾಲೀಕನೇ ಭದ್ರತೆ ಹಿಡಿದು ಬರುತ್ತಾನೆ. ‘ಆಸ್ಪತ್ರೆ ಖರ್ಚು ನೋಡ್ಕೋತೀವಿ’ ಎಂಬ ಬಾಯಿಮಾತಿಗೆ ರಾಜಿ ಪತ್ರಕ್ಕೆ ಸಹಿ ಹಾಕಿದರೆ ಈ ಹಿಡಿತ ಹೋಯಿತು.

ಪಾಲಿಸಿ ತೋರಿಸಿದರೆಂದು ಸುಮ್ಮನಾಗಬೇಡಿ. ಅದರಲ್ಲಿ ದಿನಾಂಕದ ಪಕ್ಕ ಗಂಟೆ, ನಿಮಿಷವೂ ಇರುತ್ತದೆ. ಬೆಳಿಗ್ಗೆ ಹತ್ತಕ್ಕೆ ಅಪಘಾತ, ಮಧ್ಯಾಹ್ನ ಎರಡಕ್ಕೆ ಆನ್‌ಲೈನ್ ಪಾಲಿಸಿ ಎಂದಾದರೆ ಕಂಪನಿ ಬಿಡಿಗಾಸೂ ಕೊಡುವುದಿಲ್ಲ. ‘ಗಾಡಿ ಮಾರಿ ವರ್ಷವಾಯಿತು’ ಎನ್ನುವವರನ್ನೂ ಬಿಡಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ. ಅವರನ್ನು ಪ್ರತಿವಾದಿ ಮಾಡಲೇಬೇಕು.

2022ರ ಏಪ್ರಿಲ್‌ನಿಂದ ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ಮೂಳೆ ಕೂಡಲಿ ಎಂದು ಕಾಯುತ್ತಾ ಕೂರಬೇಡಿ. ಗಾಯಾಳು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಎಫ್‌ಐಆರ್, ಮಹಜರು, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ವೈದ್ಯರ ಪ್ರಮಾಣಪತ್ರ), ಔಷಧಿ ಬಿಲ್ಲು, ಆದಾಯದ ದಾಖಲೆ ಜೋಪಾನ. ತೀರ್ಪಾದರೂ ಹಣ ಕಟ್ಟದಿದ್ದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 174ರಡಿ ನ್ಯಾಯಮಂಡಳಿಯಿಂದ ಪ್ರಮಾಣಪತ್ರ ಪಡೆದು, ಜಿಲ್ಲಾಧಿಕಾರಿ ಮೂಲಕ ಕಂದಾಯ ಬಾಕಿಯಂತೆ ವಸೂಲಿ ಮಾಡಿಸಬಹುದು. ಈ ದಾರಿ ಹಿಡಿಯುವವರೇ ಕಡಿಮೆ.

ಚಿಕಿತ್ಸೆಗಂತೂ ವಿಮೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಬರಬಾರದು. 2025ರ ಮೇ ತಿಂಗಳ ಕೇಂದ್ರ ಯೋಜನೆಯಂತೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ₹1.5 ಲಕ್ಷದ ತನಕ ನಗದುರಹಿತ ಚಿಕಿತ್ಸೆ ಇದೆ.

ವಿಮೆ ಇಲ್ಲವೆಂದು ಗೊತ್ತಾದ ದಿನವೇ, ವಾಹನ ಬಿಡುಗಡೆಗೆ ಆಕ್ಷೇಪಿಸಬಹುದೆಂದು ಗಾಯಾಳುವಿಗೆ ಲಿಖಿತವಾಗಿ ತಿಳಿಸುವಂತೆ ಪೊಲೀಸ್ ಇಲಾಖೆ ಎಲ್ಲ ಠಾಣೆಗಳಿಗೆ ಸುತ್ತೋಲೆ ಕಳುಹಿಸಲಿ.

– ಅಪಘಾತ ಪರಿಹಾರ ಪ್ರಕರಣಗಳ ವಕೀಲರು, ತುಮಕೂರು